ಬಿಸಿಯೂಟದ ಲೆಕ್ಕ: ಒಂದು ಯೋಜನೆ ಬಡ ಮಕ್ಕಳಿಗೆ ಏನು ಮಾಡಿತೆಂದು ತಿಳಿಯುವುದು ಹೇಗೆ?

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಒಂದು ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು. ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಬಡಿಸಬೇಕು. ಶಾಲೆಯಲ್ಲಿ ಆಹಾರ ಕೊಡುವ ಕೇಂದ್ರದ ಯೋಜನೆ 1995ರ ಆಗಸ್ಟ್ 15ರಂದೇ ಆರಂಭವಾಗಿತ್ತು. ಆದರೆ ಬಹುತೇಕ ರಾಜ್ಯಗಳು ಒಲೆ ಹೊತ್ತಿಸುವ ಗೋಜಿಗೆ ಹೋಗದೆ, ಹಾಜರಾತಿ ಸಾಕಷ್ಟಿದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಅಳೆದು ಕೈತೊಳೆದುಕೊಳ್ಳುತ್ತಿದ್ದವು. ಆದೇಶದ ನಂತರ ಕರ್ನಾಟಕ 2002ರ ಜೂನ್‌ನಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರು ಮಾಡಿತು. ಉಳಿದ ಜಿಲ್ಲೆಗಳಿಗೆ ಅದು 2003ರಲ್ಲಿ ಬಂತು.

2003ರ ಆರಂಭದಲ್ಲಿ ಅರ್ಥಶಾಸ್ತ್ರಜ್ಞರಾದ ಜ್ಯಾಂ ದ್ರೇಜ್ ಮತ್ತು ಅಪರಾಜಿತಾ ಗೋಯಲ್ ಅವರ ತಂಡ ಕರ್ನಾಟಕ, ರಾಜಸ್ಥಾನ ಮತ್ತು ಛತ್ತೀಸಗಢದಲ್ಲಿ, ರಾಜ್ಯಕ್ಕೆ 27ರಂತೆ 81 ಶಾಲೆಗಳನ್ನು ಸುತ್ತಿತು. 2001ರ ಜುಲೈಗೂ 2002ರ ಜುಲೈಗೂ ನಡುವೆ ಒಂದನೇ ತರಗತಿಯ ದಾಖಲಾತಿ ಶೇ 15ರಷ್ಟು ಏರಿದ್ದು ಅಲ್ಲಿ ಕಂಡಿತು. ಹೆಣ್ಣುಮಕ್ಕಳ ದಾಖಲಾತಿಯ ಏರಿಕೆ ಇನ್ನೂ ಹೆಚ್ಚು, ಶೇ 19. ಬೆಲ್ಜಿಯಂನಲ್ಲಿ ಹುಟ್ಟಿ, ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಿಎಚ್‌ಡಿ ಮಾಡಿ, 2002ರಲ್ಲಿ ಭಾರತದ ಪೌರತ್ವ ಪಡೆದ ದ್ರೇಜ್ ಅವರಿಗೆ ಹಳ್ಳಿಯ ಶಾಲೆ ಹೊಸದಲ್ಲ. 1999ರಲ್ಲಿ ಪ್ರಕಟವಾದ ‘ಪ್ರೋಬ್’ ವರದಿಗಾಗಿ ಉತ್ತರ ಭಾರತದ ಶಾಲೆಗಳ ಸ್ಥಿತಿಯನ್ನು ದಾಖಲಿಸಿದ ತಂಡದಲ್ಲೂ ಅವರಿದ್ದರು.

ಇನ್ನು ಪ್ರಶ್ನೆ. ಆ ಶೇ 15 ಊಟದಿಂದ ಬಂದದ್ದೇ?

ಅದೇ ಹೊತ್ತಿಗೆ ಸರ್ವ ಶಿಕ್ಷಣ ಅಭಿಯಾನವೂ ನಡೆಯುತ್ತಿತ್ತು. ಹೊಸ ಕೊಠಡಿ, ಹೊಸ ಶಿಕ್ಷಕರು ಬರುತ್ತಿದ್ದರು. 2002ರಲ್ಲಿ ದೇಶದ ಹಲವೆಡೆ ಬರ ಬಿತ್ತು. ಬರದಲ್ಲಿ ಕೆಲವು ಮನೆಗಳು ಮಕ್ಕಳನ್ನು ಕೂಲಿಗೆ ಕಳಿಸುತ್ತವೆ. ಇನ್ನು ಕೆಲವು, ಹೊಲದಲ್ಲಿ ಕೆಲಸವೇ ಇಲ್ಲದ್ದರಿಂದ ಶಾಲೆಗೆ ಕಳಿಸುತ್ತವೆ. ಊಟ ಬರದಿದ್ದರೂ ದಾಖಲಾತಿ ಶೇ 6 ಏರುತ್ತಿತ್ತೋ, ಶೇ 3 ಇಳಿಯುತ್ತಿತ್ತೋ? ಊಟದ ಪರಿಣಾಮವೆಂದರೆ ಕಂಡ ಏರಿಕೆಯಲ್ಲ. ಊಟ ಬಂದ ವರ್ಷಕ್ಕೂ, ಅದೇ ಊರಿನಲ್ಲಿ ಅದೇ ವರ್ಷ ಊಟ ಬಾರದೆ ಇದ್ದಿದ್ದರೆ ಆಗುತ್ತಿದ್ದುದಕ್ಕೂ ಇರುವ ಅಂತರ. ಆ ಎರಡನೆಯದನ್ನು ಯಾರೂ ನೋಡಲಾರರು. ನೀತಿಯ ಪರಿಣಾಮ ಅಳೆಯುವ ಅರ್ಥಶಾಸ್ತ್ರಜ್ಞರ ವೃತ್ತಿಯೆಲ್ಲ ಆ ಕಾಣದ ವರ್ಷವನ್ನು ಎಲ್ಲಿಂದಲಾದರೂ ಎರವಲು ತರುವ ಕೆಲಸ. ಎಡವಟ್ಟುಗಳು ಆಗುವುದೂ ಆ ಎರವಲಿನಲ್ಲೇ.

ಎರಡು ಕಳೆಯುವಿಕೆ

ಎರವಲಿನ ಅತ್ಯಂತ ಬಳಕೆಯ ದಾರಿಗೆ ‘ವ್ಯತ್ಯಾಸಗಳ ವ್ಯತ್ಯಾಸ’ ಎನ್ನಬಹುದು. ಕರ್ನಾಟಕದ ಎರಡು ಹಂತದ ಜಾರಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಲೆಕ್ಕ ಅರ್ಥವಾಗಲೆಂದು ಅಂಕಿಗಳನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ಮೊದಲು ಊಟ ಬಂದ ಜಿಲ್ಲೆಗಳಲ್ಲಿ ಶಾಲೆಯೊಂದರ ಒಂದನೇ ತರಗತಿಯಲ್ಲಿ ಸರಾಸರಿ 40 ಮಕ್ಕಳಿದ್ದರು. ಮರುವರ್ಷ 48 ಆದರು. ಊಟ ಇನ್ನೂ ಬಾರದ ಜಿಲ್ಲೆಗಳಲ್ಲಿ 50 ಇದ್ದವರು 53 ಆದರು. ಮೊದಲ ಗುಂಪಿನ ಏರಿಕೆ 8, ಎರಡನೆಯದರ ಏರಿಕೆ 3. ಆ 3 ಊಟವಿಲ್ಲದೆಯೂ ಆಗುತ್ತಿದ್ದ ಏರಿಕೆ ಎಂದು ಒಪ್ಪಿದರೆ ಊಟದ ಪಾಲು 5 ಮಕ್ಕಳು.

ಒಪ್ಪಿದರೆ, ಎಂಬಲ್ಲೇ ಎಲ್ಲ ಇದೆ. ಸರ್ಕಾರ ಆ 7 ಜಿಲ್ಲೆಗಳನ್ನು ಚೀಟಿ ಎತ್ತಿ ಆರಿಸಲಿಲ್ಲ. ಹಿಂದುಳಿದವು ಎಂದೇ ಆರಿಸಿತು. ಹಿಂದುಳಿದ ಜಿಲ್ಲೆಯಲ್ಲಿ ದಾಖಲಾತಿ ಏರಲು ಜಾಗ ಹೆಚ್ಚಿರುತ್ತದೆ, ಹಾಗಾಗಿ ಊಟವಿಲ್ಲದೆಯೂ ಅಲ್ಲಿ ವೇಗ ಹೆಚ್ಚಿದ್ದಿರಬಹುದು. ಇದಕ್ಕೆ ಪರೀಕ್ಷೆ ಎಂದರೆ ಹಿಂದಿನ ಮೂರು ನಾಲ್ಕು ವರ್ಷಗಳ ಅಂಕಿ ತೆಗೆದು, ಊಟ ಬರುವ ಮುಂಚೆ ಎರಡೂ ಗುಂಪುಗಳ ಗೆರೆ ಸಮಾಂತರವಾಗಿ ಸಾಗಿತ್ತೇ ಎಂದು ನೋಡುವುದು. ಒಂದೇ ಒಂದು ಹಿಂದಿನ ವರ್ಷದ ಅಂಕಿ ಇಟ್ಟುಕೊಂಡು ಬರೆದ ವರದಿಯನ್ನು ಅನುಮಾನದಿಂದಲೇ ಓದಬೇಕು. ಇನ್ನೊಂದು ಸೂಕ್ಷ್ಮವಿದೆ, ಇದನ್ನು ಬಲ್ಲವರೂ ಮರೆಯುತ್ತಾರೆ. ಮೇಲಿನದೇ ಅಂಕಿಯನ್ನು ಶೇಕಡಾವಾರು ತೆಗೆದರೆ 20 ಮತ್ತು 6, ಅಂದರೆ ಅಂತರ 14. ತಲೆ ಎಣಿಕೆಯಲ್ಲಿ ಸಮಾಂತರವಾಗಿರುವ ಗೆರೆಗಳು, ಆರಂಭದ ಮಟ್ಟ ಬೇರೆ ಬೇರೆಯಾಗಿದ್ದರೆ, ಶೇಕಡಾದಲ್ಲಿ ಸಮಾಂತರವಾಗಿರುವುದಿಲ್ಲ. ಯಾವ ಅಳತೆಗೋಲು ಎಂಬುದನ್ನು ಫಲಿತಾಂಶ ನೋಡುವ ಮೊದಲೇ ತೀರ್ಮಾನಿಸಿರಬೇಕು.

ಊಟ ಎಲ್ಲ ಕಡೆ ಒಂದೇ ದಿನ ಬರದೆ ರಾಜ್ಯದಿಂದ ರಾಜ್ಯಕ್ಕೆ ಹಿಂದುಮುಂದಾದದ್ದನ್ನು ರಾಜಿ ಜಯರಾಮನ್ ಮತ್ತು ಡೋರಾ ಸಿಮ್ರೋಟ್ ದೇಶದ ಮಟ್ಟದಲ್ಲಿ ಬಳಸಿದರು. 2002ರಿಂದ 2004ರವರೆಗಿನ, ಹತ್ತಿರ ಹತ್ತಿರ 5 ಲಕ್ಷ ಶಾಲೆಗಳ ಅಂಕಿಗಳು ಅವರ ಮುಂದಿದ್ದವು. ಅವರು ಮೂರನೆಯ ಕಳೆಯುವಿಕೆಯನ್ನೂ ಸೇರಿಸಿದರು: ಊಟ ಸರ್ಕಾರಿ ಶಾಲೆಗೆ ಬಂತು, ಖಾಸಗಿ ಶಾಲೆಗೆ ಬರಲಿಲ್ಲ. ರಾಜ್ಯದಲ್ಲಿ ಬರ, ರಸ್ತೆ, ಕೂಲಿ ದರ ಏನೇ ಬದಲಾದರೂ ಎರಡೂ ಬಗೆಯ ಶಾಲೆಗೆ ತಟ್ಟುತ್ತದೆ, ಊಟ ಮಾತ್ರ ಒಂದಕ್ಕೆ ತಟ್ಟುತ್ತದೆ. ದಾಖಲಾತಿ ಗಣನೀಯವಾಗಿ ಏರಿತ್ತು, ಅದೂ ಮುಖ್ಯವಾಗಿ ಕೆಳಗಿನ ತರಗತಿಗಳಲ್ಲಿ. ಈ ಜಾಣ್ಮೆಯಲ್ಲೂ ಕಾವಲು ಬೇಕಾದ ಜಾಗವೊಂದಿದೆ. ಊಟದ ಆಸೆಗೆ ಒಂದು ಮಗು ಖಾಸಗಿ ಶಾಲೆ ಬಿಟ್ಟು ಸರ್ಕಾರಿ ಶಾಲೆಗೆ ಬಂದರೆ ಒಂದು ಕಡೆ ಒಂದು ಏರಿತು, ಇನ್ನೊಂದು ಕಡೆ ಒಂದು ಇಳಿಯಿತು. ಕಳೆದಾಗ 2 ಬರುತ್ತದೆ. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಸಂಖ್ಯೆ ಮಾತ್ರ ಸೊನ್ನೆ.

ಹಂತ ಹಂತದ ಜಾರಿಯಲ್ಲಿ ಅಡಗಿದ್ದ ಇನ್ನೊಂದು ಹಳ್ಳವನ್ನು ಈ ವಿದ್ಯೆಯವರು ಸರಿಯಾಗಿ ಕಂಡದ್ದು ಇತ್ತೀಚೆಗೆ. ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದ ಆಂಡ್ರ್ಯೂ ಗುಡ್‌ಮನ್-ಬೇಕನ್ ಅವರ ಲೇಖನ ಪ್ರಕಟವಾದದ್ದು 2021ರಲ್ಲಿ. ಊಟ ಮೊದಲ ವರ್ಷ ಶಾಲೆಗೆ 5 ಮಕ್ಕಳನ್ನು ತರುತ್ತದೆ, ಊರಿಗೆಲ್ಲ ನಂಬಿಕೆ ಬಂದ ಮೇಲೆ ಎರಡನೆಯ ವರ್ಷಕ್ಕೆ ಅದು 10 ಆಗುತ್ತದೆ ಎಂದುಕೊಳ್ಳಿ. 2003ರಲ್ಲಿ ಊಟ ಹೊಸದಾಗಿ ಬಂದ ಜಿಲ್ಲೆಗಳಲ್ಲಿ 5 ಏರಿತು. ಅದೇ ವರ್ಷ ಹಳೆಯ ಜಿಲ್ಲೆಗಳಲ್ಲಿ 5ರಿಂದ 10ಕ್ಕೆ, ಅಂದರೆ ಇನ್ನೂ 5 ಏರಿತು. ಕಂಪ್ಯೂಟರಿಗೆ ಮಾಮೂಲಿ ಸಮೀಕರಣ ಕೊಟ್ಟರೆ, ಆಗಲೇ ಊಟ ಮಾಡುತ್ತಿರುವ ಜಿಲ್ಲೆಗಳನ್ನೂ ಅದು ಹೋಲಿಕೆಯ ಗುಂಪಾಗಿ ಎಳೆದುಕೊಳ್ಳುತ್ತದೆ. 5ರಲ್ಲಿ 5 ಕಳೆದರೆ ಸೊನ್ನೆ. ಊಟದಿಂದ ಏನೂ ಆಗಲಿಲ್ಲ ಎಂಬ ಉತ್ತರ ಆ ಪಾಲಿನಿಂದ ಬರುತ್ತದೆ. ಪರಿಣಾಮ ಬೆಳೆಯುತ್ತ ಹೋದಷ್ಟೂ ಈ ತಪ್ಪು ಹಿಗ್ಗುತ್ತದೆ. ಈಗ ಮಾಡುವುದೇನೆಂದರೆ, ಆ ಹೊತ್ತಿಗೆ ಯೋಜನೆ ಮುಟ್ಟದೆ ಉಳಿದ ಜಿಲ್ಲೆಗಳನ್ನು ಮಾತ್ರ ಹೋಲಿಕೆಗೆ ಇಟ್ಟು, ಪ್ರತಿ ಹಂತದ ಲೆಕ್ಕವನ್ನು ಬೇರೆ ಬೇರೆ ಮಾಡಿ ಆಮೇಲೆ ಕೂಡಿಸುವುದು.

ಹಾಜರಿ ಪುಸ್ತಕ ಮತ್ತು ಬೆಂಚಿನ ಮೇಲಿನ ಮಗು

ಲೆಕ್ಕದ ಸೂತ್ರ ಎಷ್ಟೇ ಚೊಕ್ಕವಾಗಿದ್ದರೂ ಕೆಳಗಿರುವ ಅಂಕಿ ಹಾಜರಿ ಪುಸ್ತಕದ್ದು. ಅಕ್ಕಿ ಬರುವುದು ಮಕ್ಕಳ ತಲೆ ಲೆಕ್ಕದ ಮೇಲೆ. ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ ಎಂಬುದು ನಿಯಮ. ನಂತರದ ಮಾನದಂಡದಲ್ಲಿ ಅದರ ಜೊತೆಗೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಸೇರಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಆಗಬೇಕು. ಬಾರದ 10 ಮಕ್ಕಳಿಗೆ ಹಾಜರಿ ಹಾಕಿದರೆ ದಿನಕ್ಕೆ 1 ಕೆ.ಜಿ. ಧಾನ್ಯ ಉಳಿಯುತ್ತದೆ. ಹಾಗಾಗಿ ಯೋಜನೆ ಬಂದ ದಿನದಿಂದ ಅಂಕಿ ಬರೆಯುವವರ ಆಸಕ್ತಿಯೇ ಬದಲಾಗುತ್ತದೆ, ಪುಸ್ತಕದಲ್ಲಿನ ಏರಿಕೆಯ ಒಂದು ಪಾಲು ಬರೀ ಮಸಿಯ ಏರಿಕೆ ಆಗಿರಬಹುದು. ಎಲ್ಲ ಮುಖ್ಯ ಶಿಕ್ಷಕರೂ ಹೀಗೆ ಎಂದಲ್ಲ. ತರಕಾರಿಗೆ ಬರುವ ಹಣ ಸಾಲದೆ ಅಕ್ಕಿಯ ಉಳಿಕೆಯಲ್ಲಿ ಸರಿದೂಗಿಸುವ ಶಾಲೆಯೂ ಇರಬಹುದು. ಅಳೆಯುವವರಿಗೆ ಉದ್ದೇಶ ಮುಖ್ಯವಲ್ಲ, ಅಂಕಿ ಕೆಟ್ಟಿತೇ ಎಂಬುದು ಮುಖ್ಯ.

ಇದಕ್ಕೆ ಮದ್ದು ಹಳೆಯದೇ: ಹೇಳದೆ ಹೋಗಿ ತಲೆ ಎಣಿಸುವುದು. ಊಟಕ್ಕೆ ಮುಂಚೆ ಒಮ್ಮೆ, ಊಟದ ನಂತರ ಒಮ್ಮೆ, ಯಾಕೆಂದರೆ ಊಟ ಮುಗಿಸಿ ಮನೆಗೆ ಹೋಗುವ ಮಕ್ಕಳೂ ಇರುತ್ತಾರೆ. ಸಂತೆಯ ದಿನ, ಹಬ್ಬದ ಮರುದಿನ, ಸುಗ್ಗಿಯ ವಾರ ಸಿಕ್ಕ ಸಂಖ್ಯೆಯನ್ನು ಬೇರೆ ದಿನದ್ದರ ಜೊತೆ ಬೆರೆಸಬಾರದು.

ದಾಖಲಾತಿ ಒಂದು, ಹಾಜರಾತಿ ಇನ್ನೊಂದು. ಈ ಅಂತರವನ್ನು ಚೆನ್ನಾಗಿ ತೋರಿಸಿದವರು ಫರ್ಜಾನಾ ಅಫ್ರಿದಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಅವರು ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪ್ರಾಧ್ಯಾಪಕಿ. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ತಿಂಗಳ ಧಾನ್ಯದಿಂದ ದಿನದ ಊಟಕ್ಕೆ ಬದಲಾದಾಗ ಏನಾಯಿತೆಂದು ಅವರು ಹುಡುಕಿದರು. ದಾಖಲಾತಿಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಒಂದನೇ ತರಗತಿಯ ಹುಡುಗಿಯರ ತಿಂಗಳ ಸರಾಸರಿ ಹಾಜರಾತಿ ಮಾತ್ರ ಶೇಕಡಾ 12 ಅಂಶಗಳಿಗೂ ಹೆಚ್ಚು ಏರಿತ್ತು. ಹುಡುಗರದೂ ಏರಿತ್ತು, ಆದರೆ ಆಕಸ್ಮಿಕವಲ್ಲ ಎಂದು ಹೇಳುವಷ್ಟು ಖಚಿತವಾಗಿ ಅಲ್ಲ. ಇದರ ತರ್ಕ ಸರಳ. 3 ಕೆ.ಜಿ. ಧಾನ್ಯ ಮನೆಗೆ ಹೋಗುತ್ತದೆ, ಹೆಸರು ಹಚ್ಚಿಸಿ ತಿಂಗಳ ಹಾಜರಾತಿ ತೋರಿಸಿದರೆ ಸಿಗುತ್ತದೆ. ತಟ್ಟೆಯ ಊಟ ಆ ದಿನ ಬಂದ ಮಗುವಿಗೆ ಆ ದಿನ ಸಿಗುತ್ತದೆ. ಬಹುತೇಕ ಮಕ್ಕಳ ಹೆಸರು ಆಗಲೇ ಪುಸ್ತಕದಲ್ಲಿದ್ದ ಕಾಲದಲ್ಲಿ ದಾಖಲಾತಿಯನ್ನೇ ಅಳೆದಿದ್ದರೆ ಯೋಜನೆ ಸೋತಂತೆ ಕಾಣುತ್ತಿತ್ತು.

ತಟ್ಟೆಗೆ ಬಿದ್ದದ್ದು ಹೊಟ್ಟೆಗೆ ಬಿತ್ತೇ

ಶಾಲೆಯಲ್ಲಿ ಊಟ ಸಿಗುತ್ತದಲ್ಲ ಎಂದು ಮನೆಯಲ್ಲಿ ಬೆಳಗಿನ ರೊಟ್ಟಿ ಕಡಿಮೆ ಮಾಡಿದರೆ? ರಾತ್ರಿ ಬಡಿಸುವಾಗ ಶಾಲೆಗೆ ಹೋಗದ ತಂಗಿಗೆ ಒಂದು ಸೌಟು ಹೆಚ್ಚು ಹೋದರೆ? ಆಗ ಮನೆಯ ಖರ್ಚು ಉಳಿಯುತ್ತದೆ, ತಂಗಿಗೆ ಒಳ್ಳೆಯದಾಗುತ್ತದೆ, ಆದರೆ ಯಾವ ಮಗುವಿಗೆಂದು ಊಟ ಕೊಟ್ಟೆವೋ ಅದರ ಹೊಟ್ಟೆ ಮೊದಲಿನಷ್ಟೇ. ಬಡವರಿಗೆ ಕೊಡುವ ಯಾವ ನೆರವಿನಲ್ಲೂ ಎದುರಾಗುವ ಪ್ರಶ್ನೆ ಇದು, ಮತ್ತು ಸರ್ಕಾರದ ಕಡತದಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ.

ಉತ್ತರ ಬೇಕಾದರೆ ಹಿಂದಿನ 24 ಗಂಟೆಯಲ್ಲಿ ಮಗು ಏನೇನು ತಿಂದಿತೆಂದು ಕೇಳಬೇಕು. ಕೇಳುವ ಕಲೆಯೇ ಬೇರೆ. ‘ಎಷ್ಟು ಅನ್ನ ತಿಂದ?’ ಎಂದರೆ ‘ಹೊಟ್ಟೆ ತುಂಬ’ ಎಂಬ ಉತ್ತರ ಬರುತ್ತದೆ. ಅದಕ್ಕೆ ಸಮೀಕ್ಷೆಯವರು ಅಳತೆ ಗೊತ್ತಿರುವ ಬಟ್ಟಲು, ಲೋಟ, ಚಮಚಗಳ ಒಂದು ಜೊತೆ ಹೊತ್ತೊಯ್ಯುತ್ತಾರೆ. ಯಾವುದರಲ್ಲಿ, ಎಲ್ಲಿಯವರೆಗೆ ಎಂದು ತೋರಿಸಲು ಹೇಳುತ್ತಾರೆ. ಬೆಳಿಗ್ಗೆ ಎದ್ದಾಗಿನಿಂದ ಹೊತ್ತು ಹೊತ್ತಿಗೆ ನಡೆಸಿಕೊಂಡು ಬಂದು, ಕೊನೆಯಲ್ಲಿ ನಡುನಡುವೆ ಬಾಯಿಗೆ ಹಾಕಿಕೊಂಡ ಕಡಲೆ, ಬೆಲ್ಲ, ಹುಣಸೆ, ಬಿಸ್ಕತ್ತುಗಳನ್ನು ಬೇರೆಯಾಗಿ ಕೇಳುತ್ತಾರೆ, ಯಾಕೆಂದರೆ ಅವು ಊಟದ ಲೆಕ್ಕಕ್ಕೆ ಬರುವುದೇ ಇಲ್ಲ. ತಾಯಿಗೆ ಮನೆಯ ಊಟ ಗೊತ್ತು, ಶಾಲೆಯ ಊಟ ಗೊತ್ತಿಲ್ಲ. ಆ ಭಾಗಕ್ಕೆ ಮಗುವನ್ನೇ ಕೇಳಬೇಕು. ಗಟ್ಟಿ ಸಾರು, ನೀರು ಸಾರು ಎರಡಕ್ಕೂ ಒಂದೇ ಅಂಕಿ ಹಾಕಿದರೆ ಪ್ರೋಟೀನ್ ಲೆಕ್ಕ ಅಲ್ಲಿಗೆ ಮುಗಿಯಿತು.

ಅಫ್ರಿದಿ ಅವರ ಉಪಾಯ ಇರುವುದು ದಿನದಲ್ಲಿ. ಸಮೀಕ್ಷೆಯವರು ಕೆಲವು ಮನೆಗಳಿಗೆ ಹೋದ ದಿನದ ಹಿಂದಿನ ದಿನ ಶಾಲೆ ಇತ್ತು, ಕೆಲವು ಮನೆಗಳ ಪಾಲಿಗೆ ಇರಲಿಲ್ಲ. ಯಾರ ಮನೆಗೆ ಯಾವ ದಿನ ಎಂಬುದಕ್ಕೂ ಮನೆಯ ಬಡತನಕ್ಕೂ ನಂಟಿಲ್ಲ. ಶಾಲೆಯ ದಿನದ ಆಹಾರಕ್ಕೂ ರಜೆಯ ದಿನದ ಆಹಾರಕ್ಕೂ ಇರುವ ಅಂತರವನ್ನು, ಬಿಸಿಯೂಟ ಬಂದಿದ್ದ ಶಾಲೆಯ ಮಕ್ಕಳಲ್ಲೂ ಇನ್ನೂ ಬಾರದಿದ್ದ ಶಾಲೆಯ ಮಕ್ಕಳಲ್ಲೂ ಹೋಲಿಸಿದರೆ ಊಟದ ಪಾಲು ಕಾಣುತ್ತದೆ. ಶಾಲೆಯಲ್ಲಿ ಕೊಟ್ಟ ಪೋಷಕಾಂಶದಲ್ಲಿ ಶೇ 49ರಿಂದ 100ರಷ್ಟು ಮಗುವಿಗೆ ಹೆಚ್ಚುವರಿಯಾಗಿಯೇ ದಕ್ಕಿತ್ತು. ಮಗುವಿಗೆ ದಿನಕ್ಕೆ 3 ಅಮೆರಿಕನ್ ಸೆಂಟ್‌ನಷ್ಟು ಖರ್ಚಿನಲ್ಲಿ ಪ್ರೋಟೀನ್ ಕೊರತೆ ಪೂರ್ತಿ ನೀಗಿತ್ತು, ಕ್ಯಾಲೊರಿ ಕೊರತೆ ಸುಮಾರು ಶೇ 30, ಕಬ್ಬಿಣಾಂಶದ ಕೊರತೆ ಸುಮಾರು ಶೇ 10 ಇಳಿದಿತ್ತು. 2010ರಲ್ಲಿ ಅಚ್ಚಾದ ಈ ಫಲಿತಾಂಶಕ್ಕೆ ಇಂದಿಗೂ ತೂಕವಿದೆ. ನನ್ನ ಮಟ್ಟಿಗೆ ಇಡೀ ಬಿಸಿಯೂಟದ ಸಾಹಿತ್ಯದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ಇನ್ನೊಂದಿಲ್ಲ. ಹಣ ಸುರಿದು ಪಡೆದದ್ದಲ್ಲ, ಕ್ಯಾಲೆಂಡರು ನೋಡಿ ಪಡೆದದ್ದು.

ಬರದ ವರ್ಷದ ಮಕ್ಕಳ ಬಗ್ಗೆ ಅಭಿಜಿತ್ ಸಿಂಗ್, ಆಲ್ಬರ್ಟ್ ಪಾರ್ಕ್ ಮತ್ತು ಸ್ಟೀಫನ್ ಡರ್ಕಾನ್ ಅವರ 2014ರ ಲೇಖನವಿದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ ಎಳವೆಯಲ್ಲೇ ಬರಕ್ಕೆ ಸಿಕ್ಕಿ ಬೆಳವಣಿಗೆ ಕುಂದಿದ್ದ ಮಕ್ಕಳು ಶಾಲೆಗೆ ಸೇರಿ ಊಟ ಮಾಡತೊಡಗಿದ ಮೇಲೆ ಆ ನಷ್ಟವನ್ನು ತುಂಬಿಕೊಂಡದ್ದು ಅದರಲ್ಲಿ ಕಂಡಿದೆ. ಎಲ್ಲ ಮಕ್ಕಳ ಸರಾಸರಿ ಮಾತ್ರ ತೆಗೆದಿದ್ದರೆ ಇದು ಕಾಣುತ್ತಿರಲಿಲ್ಲ.

ಅಂಕ ಇಳಿದರೆ ಸೋಲೇ?

ಓದು ಸುಧಾರಿಸಿತೇ ಎಂಬ ಪ್ರಶ್ನೆಗೆ ಶಾಲೆಯ ಪರೀಕ್ಷೆಯ ಅಂಕ ನೋಡುವುದು ಬಲು ಸುಲಭ, ಬಲು ಅಪಾಯ. ಊಟದಿಂದ ಹೊಸದಾಗಿ ಬಂದವರು ಯಾರು? ಈವರೆಗೆ ಆಡು ಕಾಯುತ್ತಿದ್ದ, ಮನೆಯಲ್ಲಿ ಅಕ್ಷರದ ಗಾಳಿಯಿಲ್ಲದ ಮಕ್ಕಳು. ತರಗತಿಯಲ್ಲಿ 20 ಮಕ್ಕಳು ಸರಾಸರಿ 60 ಅಂಕ ಪಡೆಯುತ್ತಿದ್ದರು, 5 ಹೊಸಬರು ಬಂದು 30 ಪಡೆದರು ಎಂದರೆ ತರಗತಿಯ ಸರಾಸರಿ 54ಕ್ಕೆ ಇಳಿಯುತ್ತದೆ. ಯಾವ ಮಗುವೂ ಹಿಂದೆ ಬಿದ್ದಿಲ್ಲ, 5 ಮಕ್ಕಳು ಸೊನ್ನೆಯಿಂದ 30ಕ್ಕೆ ಬಂದಿದ್ದಾರೆ, ವರದಿಯಲ್ಲಿ ಮಾತ್ರ ‘ಗುಣಮಟ್ಟ ಕುಸಿತ’.

ತನಿಕಾ ಚಕ್ರಬರ್ತಿ ಮತ್ತು ರಾಜಿ ಜಯರಾಮನ್ ಇದನ್ನು ದಾಟಿದ್ದು ‘ಅಸರ್’ ಸಮೀಕ್ಷೆಯ ಅಂಕಿಗಳಿಂದ. ಅಸರ್‌ನವರು ಮಕ್ಕಳನ್ನು ಪರೀಕ್ಷಿಸುವುದು ಶಾಲೆಯಲ್ಲಲ್ಲ, ಮನೆಯ ಜಗುಲಿಯಲ್ಲಿ. ಶಾಲೆ ಬಿಟ್ಟ ಮಗುವೂ, ಖಾಸಗಿ ಶಾಲೆಯ ಮಗುವೂ ಅದರಲ್ಲಿ ಬರುತ್ತದೆ, ಹಾಗಾಗಿ ತರಗತಿಗೆ ಯಾರು ಬಂದರು, ಯಾರು ಹೋದರು ಎಂಬುದು ಸರಾಸರಿಯನ್ನು ಕಲಕುವುದಿಲ್ಲ. ಮಗು ಹುಟ್ಟಿದ ವರ್ಷ ಮತ್ತು ರಾಜ್ಯದಲ್ಲಿ ಊಟ ಆರಂಭವಾದ ಕಾಲ ನೋಡಿ, ಅದು ಎಷ್ಟು ವರ್ಷ ಊಟದ ವ್ಯಾಪ್ತಿಯಲ್ಲಿತ್ತು ಎಂದು ಎಣಿಸಿದರು. 2019ರ ಅವರ ಲೇಖನದ ಪ್ರಕಾರ ಒಂದು ವರ್ಷಕ್ಕೂ ಕಡಿಮೆ ಕಾಲ ಊಟ ಸಿಕ್ಕ ಮಕ್ಕಳಿಗಿಂತ, ಪ್ರಾಥಮಿಕ ಶಾಲೆಯ ಐದು ವರ್ಷದವರೆಗೂ ಸಿಕ್ಕ ಮಕ್ಕಳ ಓದಿನ ಅಂಕ ಶೇ 18, ಗಣಿತದ ಅಂಕ ಶೇ 9 ಹೆಚ್ಚಿತ್ತು. ಇಲ್ಲಿ ಅಳೆದದ್ದು ‘ವ್ಯಾಪ್ತಿಯಲ್ಲಿದ್ದ’ ಪರಿಣಾಮ, ‘ತಿಂದ’ ಪರಿಣಾಮವಲ್ಲ ಎಂಬುದನ್ನು ಗಮನಿಸಬೇಕು. ವ್ಯಾಪ್ತಿಯಲ್ಲಿದ್ದೂ ಬುತ್ತಿ ತಂದು ತಿಂದವರು, ಊಟವೇ ಬಾರದ ಶಾಲೆಯವರು ಎಲ್ಲ ಅದರಲ್ಲಿ ಸೇರಿದ್ದಾರೆ; ನಿಜಕ್ಕೂ ತಿಂದವರ ಲಾಭ ಅದಕ್ಕಿಂತ ಹೆಚ್ಚೇ ಇರಬೇಕು.

2021ರಲ್ಲಿ ಸುಮನ್ ಚಕ್ರಬರ್ತಿ ಮತ್ತು ಸಂಗಡಿಗರು ಒಂದು ತಲೆಮಾರು ದಾಟಿ ನೋಡಿದರು. ಬಾಲ್ಯದಲ್ಲಿ ಶಾಲೆಯ ಊಟ ಸಿಕ್ಕಿದ್ದ ಹುಡುಗಿಯರು ತಾಯಂದಿರಾದ ಮೇಲೆ ಅವರ ಮಕ್ಕಳ ಎತ್ತರ, ಊಟ ಸಿಗದಿದ್ದವರ ಮಕ್ಕಳಿಗಿಂತ, ವಯಸ್ಸಿಗೆ ತಕ್ಕ ಎತ್ತರದ ಅಳತೆಗೋಲಿನಲ್ಲಿ ಮೇಲಿತ್ತು. ಕೋರ್ಟಿನ ಆದೇಶವಾಗಿ ಆಗಲೇ 20 ವರ್ಷ. ಐದು ವರ್ಷಕ್ಕೊಮ್ಮೆ ಬದಲಾಗುವ ಸರ್ಕಾರಕ್ಕೆ ಇಷ್ಟು ತಡವಾಗಿ ಬರುವ ಅಂಕಪಟ್ಟಿ ಯಾವ ಉಪಯೋಗಕ್ಕೂ ಬಾರದು.

ಚೀಟಿ ಎತ್ತಿ ಹಂಚಲಾಗದ್ದು

ಅರ್ಧ ಶಾಲೆಗೆ ಊಟ ಕೊಟ್ಟು ಅರ್ಧಕ್ಕೆ ನಿಲ್ಲಿಸಿ ಹೋಲಿಸಿದರೆ ಇಷ್ಟೆಲ್ಲ ಸಾಹಸ ಬೇಡವಲ್ಲ ಎನ್ನಿಸಬಹುದು. ಕೋರ್ಟು ಹಕ್ಕೆಂದು ಕೊಟ್ಟದ್ದನ್ನು ಪ್ರಯೋಗಕ್ಕೆಂದು ಕಿತ್ತುಕೊಳ್ಳುವಂತಿಲ್ಲ. ಊಟಕ್ಕೆ ಮೇಲಿಂದ ಸೇರಿಸುವುದನ್ನು ಮಾತ್ರ ಚೀಟಿ ಎತ್ತಿ ಹಂಚಬಹುದು. ಬಿಹಾರದ ಜಹಾನಾಬಾದ್ ಜಿಲ್ಲೆಯ 107 ಶಾಲೆಗಳಲ್ಲಿ ಹಾಗೆ ನಡೆಯಿತು: ಕೆಲವು ಶಾಲೆಗಳ ಅಡುಗೆಗೆ ಅಯೋಡಿನ್ ಜೊತೆ ಕಬ್ಬಿಣಾಂಶವನ್ನೂ ಬೆರೆಸಿದ ಉಪ್ಪು, ಉಳಿದವಕ್ಕೆ ಮಾಮೂಲಿ ಉಪ್ಪು. ರಕ್ತಹೀನತೆ ಇಳಿಯಿತು, ಪರೀಕ್ಷೆಯ ಅಂಕ ಏರಲಿಲ್ಲ.

ಇಂಥ ಪ್ರಯೋಗಕ್ಕೆ ಎಷ್ಟು ಮಕ್ಕಳು ಬೇಕು? ಅಂಕಗಳ ಹರಡಿಕೆಯ ಐದನೇ ಒಂದು ಭಾಗದಷ್ಟು ಸುಧಾರಣೆಯನ್ನು, ಅಂದರೆ 0.2 ಮಾನಕ ವಿಚಲನೆಯನ್ನು, ಹಿಡಿಯಬೇಕೆಂದುಕೊಳ್ಳಿ. ಅಂದಾಜು ಸೂತ್ರ: ಪ್ರತಿ ಗುಂಪಿಗೆ 16 ಭಾಗಿಸು ಆ ಸಂಖ್ಯೆಯ ವರ್ಗ. 0.2ರ ವರ್ಗ 0.04, 16ನ್ನು ಅದರಿಂದ ಭಾಗಿಸಿದರೆ 400. ಆದರೆ ಒಂದೇ ಶಾಲೆಯ ಮಕ್ಕಳಿಗೆ ಶಿಕ್ಷಕರು ಒಬ್ಬರೇ, ಊರೂ ಒಂದೇ, ಅಡುಗೆಯವರೂ ಒಬ್ಬರೇ, ಹಾಗಾಗಿ 20 ಮಕ್ಕಳು 20 ಸ್ವತಂತ್ರ ಸಾಕ್ಷಿಗಳಲ್ಲ. ಅವರ ನಡುವಿನ ಹೋಲಿಕೆ, ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ, 0.2 ಆದರೆ, 1ಕ್ಕೆ 19ರ 0.2 ಪಟ್ಟು ಕೂಡಿಸಿ 4.8 ಬರುತ್ತದೆ. 400ರ ಜಾಗದಲ್ಲಿ 1,920 ಮಕ್ಕಳು, ಅಂದರೆ ಗುಂಪಿಗೆ 96 ಶಾಲೆ. ಒಂದೇ ಶಾಲೆಯಿಂದ 20ರ ಬದಲು 60 ಮಕ್ಕಳನ್ನು ಅಳೆದು ಶಾಲೆಗಳನ್ನು ಕಡಿಮೆ ಮಾಡುವುದು ಬಹಳ ಮಂದಿ ಮಾಡುವ ತಪ್ಪು. ಖರ್ಚಾಗುತ್ತದೆ, ನಿಖರತೆ ಬರುವುದಿಲ್ಲ.

ಇದೇ ಕನ್ನಡಕದಲ್ಲಿ ನಮ್ಮ ಮೊಟ್ಟೆಯ ವಿಚಾರ ನೋಡಬಹುದು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಶುರುವಾದಾಗ, ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ಹೋಲಿಸಿದ ಅಧ್ಯಯನ ರಾಜ್ಯ ಸರ್ಕಾರಕ್ಕಾಗಿ ನಡೆಯಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ತೂಗಿದ ಮಕ್ಕಳು ಸಾವಿರಾರು. ಆದರೆ ಯೋಜನೆ ಹಂಚಿಕೆಯಾದದ್ದು ಜಿಲ್ಲೆಗೆ, ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಹೋಲಿಕೆ ಎರಡೇ ಘಟಕಗಳದ್ದು. ಆ ತಿಂಗಳುಗಳಲ್ಲಿ ಯಾದಗಿರಿಯಲ್ಲಿ ಮಾತ್ರ ನಡೆದ ಬೇರೆ ಯಾವುದೇ ಬದಲಾವಣೆ ಮೊಟ್ಟೆಯ ಖಾತೆಗೆ ಬೀಳುತ್ತದೆ. ಜೊತೆಗೆ ತೀರ ಕಡಿಮೆ ತೂಕದಿಂದ ಹೊರಟ ಮಕ್ಕಳು ಆಹಾರ ಸಿಕ್ಕೊಡನೆ ಬೇಗ ತುಂಬಿಕೊಳ್ಳುತ್ತಾರೆ. ಮೊಟ್ಟೆಯಿಂದ ಪ್ರಯೋಜನವಿಲ್ಲ ಎಂದಲ್ಲ. ಪ್ರೋಟೀನ್ ಕಡಿಮೆಯಿರುವ ಮಕ್ಕಳಿಗೆ ಮೊಟ್ಟೆ ಕೊಡಿ ಎನ್ನಲು ಈ ಅಧ್ಯಯನಕ್ಕೇ ಕಾಯಬೇಕಿರಲಿಲ್ಲ. ಎಷ್ಟು ಪ್ರಯೋಜನ ಎಂಬ ಅಂಕಿಗೆ ಮಾತ್ರ ಇದು ಸಾಲದು. ಹತ್ತು ತಾಲ್ಲೂಕುಗಳನ್ನು ಚೀಟಿ ಎತ್ತಿ ಮೊದಲು, ಹತ್ತನ್ನು ಆರು ತಿಂಗಳ ನಂತರ ಎಂದು ಮಾಡಿದ್ದರೆ ಅದೇ ಹಣದಲ್ಲಿ ಗಟ್ಟಿ ಉತ್ತರ ಸಿಗುತ್ತಿತ್ತು. ಈಗ ರಾಜ್ಯದ ಎಲ್ಲ ಕಡೆ ಮೊಟ್ಟೆ ಇದೆ. ಆ ಬಾಗಿಲು ಮುಚ್ಚಿದೆ.

ಅಡುಗೆಮನೆಯಿಂದ ಹೊಲಕ್ಕೆ

ಈ ಬಗೆಯ ವಿದ್ವಾಂಸರು ಒಂದೇ ಯೋಜನೆಗೆ ಅಂಟಿಕೊಂಡು ಕೂರುವುದಿಲ್ಲ. ಪಿಎಚ್‌ಡಿಗೆ ಐದಾರು ವರ್ಷ. ಆ ಪ್ರಬಂಧದ ಒಂದು ಅಧ್ಯಾಯವನ್ನು ಹಿಡಿದು ಕೆಲಸದ ಸಂದರ್ಶನ. ಆಮೇಲೆ ಪರಿಷ್ಕರಣೆಯ ಸುತ್ತುಗಳಲ್ಲಿ ಲೇಖನ ಅಚ್ಚಾಗಲು ಮತ್ತೆ ಹಲವು ವರ್ಷ. ಹೊರಗಿನವರಿಗೆ ವಿಷಯಗಳು ಚದುರಿದಂತೆ ಕಾಣುತ್ತವೆ, ಒಳಗೆ ಒಂದು ದಾರ ಇರುತ್ತದೆ. ಅಫ್ರಿದಿ ಅವರು ಊಟದ ನಂತರ ಉದ್ಯೋಗ ಖಾತರಿಯ ಕಡೆ ಹೊರಳಿದರು: ತಾಯಿಗೆ ಕೂಲಿ ಸಿಕ್ಕರೆ ಮಗುವಿನ ಶಾಲೆಯ ಸಮಯ ಏನಾಗುತ್ತದೆ, ಆಂಧ್ರದ ಸಾಮಾಜಿಕ ಲೆಕ್ಕಪರಿಶೋಧನೆಯ ವರದಿಗಳು ಸೋರಿಕೆಯ ಬಗ್ಗೆ ಏನು ಹೇಳುತ್ತವೆ. ಮೀಸಲಾತಿಯಿಂದ ಬಂದ ಮಹಿಳಾ ಅಧ್ಯಕ್ಷರ ಪಂಚಾಯಿತಿಗಳಲ್ಲಿ ಮೊದಮೊದಲು ಸೋರಿಕೆ ಹೆಚ್ಚಿದ್ದು, ಅನುಭವ ಬಂದಂತೆ ಆ ಅಂತರ ಮುಚ್ಚಿಕೊಂಡದ್ದು ಅವರ ತಂಡಕ್ಕೆ ಕಂಡಿತು. ಮೊದಲ ವರ್ಷದಲ್ಲೇ ಅಳೆದು ಮುಗಿಸಿದ್ದರೆ ತೀರ್ಪು ತಲೆಕೆಳಗಾಗುತ್ತಿತ್ತು.

ಅಫ್ರಿದಿ ಅವರ ಇನ್ನೊಂದು ಕೆಲಸ ಟ್ರ್ಯಾಕ್ಟರಿನದು. ನೇಗಿಲಿನ ಆಳ ಉಳುಮೆ ಹೆಚ್ಚಿದರೆ ಕಳೆ ಕಡಿಮೆಯಾಗುತ್ತದೆ. ಕಳೆ ಕೀಳುವವರು ಹೆಂಗಸರು. ಟ್ರ್ಯಾಕ್ಟರು ಇರುವ ಮತ್ತು ಇಲ್ಲದ ಜಿಲ್ಲೆಗಳನ್ನು ಸುಮ್ಮನೆ ಹೋಲಿಸುವಂತಿಲ್ಲ, ಯಾಕೆಂದರೆ ಟ್ರ್ಯಾಕ್ಟರು ಬರುವುದು ಶ್ರೀಮಂತ ಜಿಲ್ಲೆಗೆ, ಅಲ್ಲಿ ಹೆಂಗಸರು ಹೊಲಕ್ಕೆ ಹೋಗದಿರಲು ಬೇರೆ ಕಾರಣಗಳೂ ಇರುತ್ತವೆ. ಅದಕ್ಕೆ ಅವರು ಮಣ್ಣನ್ನು ಹಿಡಿದರು. ಜಿಗುಟಾದ ಜೇಡಿಮಣ್ಣಿಗಿಂತ ಗೋಡುಮಣ್ಣು ಆಳ ಉಳುಮೆಗೆ ಒಗ್ಗುತ್ತದೆ, ಮತ್ತು ಮಣ್ಣಿನ ಗುಣವನ್ನು ಯಾವ ಮನೆಯೂ ಆರಿಸಿಕೊಂಡದ್ದಲ್ಲ. ಮಣ್ಣಿನ ಕಾರಣಕ್ಕಾಗಿಯೇ ಯಂತ್ರ ಹೆಚ್ಚಿದ ಕಡೆ 1999ರಿಂದ 2011ರ ನಡುವೆ ಹೆಂಗಸರ ದುಡಿಮೆ ಏನಾಯಿತೆಂದು ನೋಡಿದಾಗ, ಯಂತ್ರದ ಉಳುಮೆ ಹೆಚ್ಚಿದ್ದರಿಂದ ಕೃಷಿಯಲ್ಲಿ ಹೆಂಗಸರ ದುಡಿಮೆ ಶೇ 22ಕ್ಕೂ ಹೆಚ್ಚು ಇಳಿದದ್ದು, ಹೊಲದಾಚೆ ಅವರಿಗೆ ಬೇರೆ ಕೆಲಸ ಹುಟ್ಟದ್ದು ಕಂಡಿತು. ಈ ಉಪಾಯ ಕೆಡುವುದು ಮಣ್ಣು ಯಂತ್ರದ ದಾರಿಯಲ್ಲದೆ ಬೇರೆ ದಾರಿಯಲ್ಲೂ ದುಡಿಮೆಯನ್ನು ಮುಟ್ಟಿದಾಗ. ಎರೆಯಲ್ಲಿ ಹತ್ತಿ ಬೆಳೆದರೆ ಬಿಡಿಸಲು ಹೆಂಗಸರು ಬೇಕು. ಮಣ್ಣು ಬೆಳೆಯನ್ನೂ ಬದಲಿಸುತ್ತದೆ. ಹಾಗಾಗಿ ಬೆಳೆ, ನೀರಾವರಿಗಳ ಲೆಕ್ಕ ಬೇರೆಯಾಗಿ ಇಡಬೇಕು. ಕೃಷಿ ಯಂತ್ರಧಾರೆಯಂಥ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ಯಂತ್ರ ಬಾಡಿಗೆ ಪಡೆದ ರೈತರ ಹೆಸರಿರುತ್ತದೆ. ಕಳೆ ಕೀಳುವ ಕೂಲಿ ತಪ್ಪಿದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪಟ್ಟಿಯಲ್ಲಿ ಇಲ್ಲದವರ ವಿಷಯ ಬಿಸಿಯೂಟದಲ್ಲೂ ಇದೆ. 2004ರ ಏಪ್ರಿಲ್ 20ರ ಆದೇಶದಲ್ಲಿ ಕೋರ್ಟು ಅಡುಗೆಯವರ ನೇಮಕದಲ್ಲಿ ದಲಿತರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ದಲಿತ ಅಡುಗೆಯವರು ಬೇಯಿಸಿದ್ದನ್ನು ಮಕ್ಕಳು ತಿನ್ನದಂತೆ ಮನೆಯವರು ತಡೆದ ಪ್ರಕರಣಗಳು ಕರ್ನಾಟಕದಲ್ಲೂ ವರದಿಯಾಗಿವೆ. ‘ಎಷ್ಟು ಮಕ್ಕಳು ಊಟ ಮಾಡಿದರು’ ಎಂಬ ಕಾಲಂನಲ್ಲಿ ಇದು 40ರಲ್ಲಿ 31 ಎಂದಷ್ಟೇ ದಾಖಲಾಗುತ್ತದೆ. ಜಾತಿವಾರು, ಲಿಂಗವಾರು ಬೇರೆ ಮಾಡಿ ನೋಡಬೇಕು ಎನ್ನುವುದು ಇದಕ್ಕೇ. ಆದರೆ ಫಲಿತಾಂಶ ಕೈಗೆ ಬಂದ ಮೇಲೆ 20 ಉಪಗುಂಪು ಮಾಡಿ ಹುಡುಕಿದರೆ, ಏನೂ ಪರಿಣಾಮ ಇಲ್ಲದಿದ್ದರೂ ಶೇ 5ರ ಮಿತಿಯಲ್ಲಿ ಒಂದಾದರೂ ‘ಮಹತ್ವದ್ದು’ ಎಂದು ಹೊಳೆಯುವ ಸಂಭವ ಬಹಳ. ಯಾವ ಗುಂಪುಗಳನ್ನು ನೋಡುತ್ತೇವೆ ಎಂದು ಮೊದಲೇ ಬರೆದು ನೋಂದಾಯಿಸುವ ಪದ್ಧತಿ ಬೆಳೆದದ್ದು ಈ ಕಾರಣಕ್ಕೆ.

2020ರಲ್ಲಿ ಕೋವಿಡ್‌ಗೆ ಶಾಲೆ ಮುಚ್ಚಿದಾಗ ಒಲೆ ಆರಿ, ಮಕ್ಕಳ ಮನೆಗೆ ಮತ್ತೆ ಅಕ್ಕಿ ಬೇಳೆ ಹೋಯಿತು. 2001ರ ಬದಲಾವಣೆ ಹಿಂದುಮುಂದಾಗಿ ನಡೆದಂತೆ. ಊಟವನ್ನು ಧಾನ್ಯಕ್ಕೆ ಬದಲಿಸಿದರೆ ಮಗುವಿನ ತಟ್ಟೆಗೆ ಏನಾಗುತ್ತದೆಂದು ಅಳೆಯಲು ಇದು ಸಿಕ್ಕಿತಲ್ಲ ಎನ್ನಿಸುತ್ತದೆ. ಆದರೆ ಆಗ ಶಾಲೆಯೂ ಮುಚ್ಚಿತ್ತು, ಅಪ್ಪ ಅಮ್ಮನ ಕೂಲಿಯೂ ನಿಂತಿತ್ತು, ಪೇಟೆಗೆ ಹೋದವರು ಊರಿಗೆ ಮರಳಿದ್ದರು, ಮತ್ತು ದೇಶದಲ್ಲಿ ಯಾವ ಜಿಲ್ಲೆಯೂ ಇದರಿಂದ ಹೊರಗೆ ಉಳಿದಿರಲಿಲ್ಲ.